ಯಾರ ಪೈಕಿ?



ನಮ್ಮ ಹಳ್ಳಿಗಳಲ್ಲಿ ಹೊಸಬನೊಬ್ಬನು ಮನೆಗೆ ಬಂದರೆ ಏನು ಮಾಡುತ್ತೇವೆ? ಕಂಬಳಿ ಹಾಸಿ ಕುಳ್ಳಿರಿಸುತ್ತೇವೆ. ಬೆಲ್ಲ, ನೀರು ಕೊಡುತ್ತೇವೆ. ಕೊಟ್ಟ ನೀರು ಅವನ ಗಂಟಲು ಇಳಿಯುವುದರೊಳಗಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಯಾವ ಊರಾಯಿತು? ಯಾರ ಪೈಕಿ? ನೀನು ಯಾರು ಎಂದು ಕೇಳುವುದಿಲ್ಲ. ನೀನು ಯಾರೊಳಗಿನವನು ಎಂದು ಕೇಳುತ್ತೇವೆ. ಉತ್ತರ ಸಿಕ್ಕಿತೆಂದರೆ ನಮಗೆ ಸಮಾಧಾನ. ಆ ಮನುಷ್ಯನು ಪೂರ್ತಿ ತಿಳಿದುಹೋದನೆಂದು ಭಾವಿಸುತ್ತೇವೆ.

ಕೇಳುವವರ ಮಾತು ಹಾಗಿರಲಿ. ಅದೇ ಮನುಷ್ಯನು ಒಬ್ಬನೇ ಕುಳಿತು 'ನಾನು ಯಾರು?' ಎಂದು ತನ್ನನ್ನು ತಾನೇ ಕೇಳಿಕೊಂಡರೆ ಬರುವ ಉತ್ತರವಾದರೂ ಯಾವುದು? ಇಂಥವರ ಮಗ, ಇಂಥ ಊರಿನವನು, ಇಂಥ ಕುಲದವನು, ಇಂಥ ಕಸುಬಿನವನು, ಇಂಥ ಭಾಷೆಯವನು. ಇವೆಲ್ಲವೂ ಹೊರಗಿನಿಂದ ಬಂದವು. ಹೆಸರನ್ನು ತಂದೆತಾಯಿಗಳು ಇಟ್ಟರು. ಮಾತನ್ನು ಮನೆಯವರು ಕಲಿಸಿದರು. ಇವನ್ನೆಲ್ಲ ಒಂದೊಂದಾಗಿ ತೆಗೆದಿಟ್ಟರೆ ಉಳಿಯುವ 'ನಾನು' ಎಷ್ಟು? ಹಾಗಾದರೆ ಗುಂಪು ಎಂಬುದು ಮನುಷ್ಯನ 'ನಾನು' ಎಂಬುದನ್ನು ಹೇಗೆ ಕಟ್ಟುತ್ತದೆ? ಇದು ಇಂದು ನಾವು ವಿಚಾರಿಸಬೇಕಾದ ವಿಷಯ.

ಕಟ್ಟುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಮನೆಯನ್ನು ಕಟ್ಟುತ್ತೇವೆ. ಎತ್ತನ್ನೂ ಕಟ್ಟುತ್ತೇವೆ. ಮನೆ ಕಟ್ಟಿದರೆ ಅದು ಎದ್ದು ನಿಲ್ಲುತ್ತದೆ. ಎತ್ತನ್ನು ಕಟ್ಟಿದರೆ ಅದು ಗೂಟ ಬಿಟ್ಟು ಹೋಗಲಾರದು. ಗುಂಪು ಮನುಷ್ಯನಿಗೆ ಈ ಎರಡನ್ನೂ ಮಾಡುತ್ತದೆ. ಅವನನ್ನು ಎತ್ತಿ ನಿಲ್ಲಿಸುವುದೂ ಅದೇ, ಗೂಟಕ್ಕೆ ಬಿಗಿಯುವುದೂ ಅದೇ.

ಮೊದಲು ಎತ್ತಿ ನಿಲ್ಲಿಸುವುದನ್ನು ನೋಡೋಣ. ರಾಣೆಬೆನ್ನೂರಿನ ಕಡೆಯ ಒಬ್ಬ ರೈತನಿದ್ದಾನೆನ್ನಿ. ಪಕ್ಕದ ಹಳ್ಳಿಗೆ ಹೋದರೆ ಅವನು ತನ್ನ ಹಳ್ಳಿಯವನು. ಬೆಂಗಳೂರಿಗೆ ಹೋದರೆ ಹಾವೇರಿ ಜಿಲ್ಲೆಯವನು. ಮುಂಬಯಿಗೆ ಹೋದರೆ ಕನ್ನಡಿಗ. ಲಂಡನ್ನಿಗೆ ಹೋದರೆ ಭಾರತದವನು. ಮನುಷ್ಯನು ಒಬ್ಬನೇ, ಅವನ 'ನಾನು' ಮಾತ್ರ ಹೋದಲ್ಲೆಲ್ಲ ಬೇರೆಯಾಯಿತು. ಮುಂಬಯಿಯ ರೈಲಿನ ನೂಕುನುಗ್ಗಲಿನಲ್ಲಿ ಯಾರೋ ಕನ್ನಡ ಆಡಿದರೆ ಅವನ ಕಿವಿ ನಿಮಿರುತ್ತದೆ. ತನ್ನ ಊರಿನಲ್ಲಾಗಿದ್ದರೆ ಆ ಮನುಷ್ಯನನ್ನು ಮಾತನಾಡಿಸುತ್ತಿದ್ದನೋ ಇಲ್ಲವೋ. ಅಲ್ಲಿ ಮಾತ್ರ ಅವನು ಬಂಧು. ಪರಸ್ಥಳದಲ್ಲಿ ಒಂಟಿಯಾದವನಿಗೆ 'ನಮ್ಮವನು' ಎಂಬ ಒಂದು ಮಾತು ಕೊಡುವ ಧೈರ್ಯವನ್ನು ಹಣವೂ ಕೊಡಲಾರದು.

1983ನೇ ಇಸವಿಯ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತದ ತಂಡವು ಕ್ರಿಕೆಟ್ಟಿನ ವಿಶ್ವಕಪ್ಪನ್ನು ಗೆದ್ದಿತು. ಆಡಿದವರು ಹನ್ನೊಂದು ಜನ. ರೇಡಿಯೋ ಮುಂದೆ ಕುಳಿತವನು ಚೆಂಡು ಮುಟ್ಟಿದವನಲ್ಲ. ಆದರೂ ಏನೆಂದ? 'ನಾವು ಗೆದ್ದೆವು' ಎಂದ. ಬೇರೊಂದು ದಿನ ಅದೇ ತಂಡ ಸೋತರೆ ಏನೆನ್ನುತ್ತಾನೆ? 'ಅವರು ಸರಿಯಾಗಿ ಆಡಲಿಲ್ಲ' ಎನ್ನುತ್ತಾನೆ. ಗೆದ್ದರೆ ನಾವು, ಸೋತರೆ ಅವರು! ಇದು ನಗೆಯ ಮಾತಾಗಿ ಕಂಡರೂ ಅಮೇರಿಕೆಯ ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮರು ಸೋಮವಾರ, ವಿಶ್ವವಿದ್ಯಾಲಯದ ಹೆಸರಿರುವ ಅಂಗಿಗಳನ್ನು ಹೆಚ್ಚು ವಿದ್ಯಾರ್ಥಿಗಳು ತೊಟ್ಟುಕೊಂಡು ಬರುತ್ತಿದ್ದರು. ಪಂದ್ಯದ ಸುದ್ದಿ ಹೇಳುವಾಗಲೂ ಗೆಲುವಿಗೆ 'ನಾವು' ಎಂಬ ಮಾತು ಹೆಚ್ಚಾಗಿ ಬರುತ್ತಿತ್ತು. ಇದರಿಂದ ಏನು ತಿಳಿಯಿತು? ಗುಂಪಿನ ಎತ್ತರವನ್ನು ಮನುಷ್ಯನು ತನ್ನ ಎತ್ತರವೆಂದು ತಿಳಿಯುತ್ತಾನೆ. ಇದು ಕೆಟ್ಟದ್ದಲ್ಲ. ಜೀವನದಲ್ಲಿ ತನ್ನದೆನ್ನುವ ಗೆಲುವು ಒಂದೂ ಇಲ್ಲದವನು ಸಹ ಹತ್ತು ಜನರ ಗೆಲುವಿನಲ್ಲಿ ಪಾಲು ಪಡೆದು ಒಂದು ದಿನ ತಲೆಯೆತ್ತಿ ನಡೆಯುತ್ತಾನೆ.

ಆದರೆ ಎತ್ತರ ಎಂಬುದಕ್ಕೆ ಒಂದು ತೊಡಕುಂಟು. ಪಕ್ಕದಲ್ಲಿ ತಗ್ಗು ಇದ್ದರೇ ದಿನ್ನೆ ದಿನ್ನೆಯಾಗಿ ಕಾಣುವುದು. ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಹೆನ್ರಿ ತಾಜ್‌ಫೆಲ್ ಎಂಬವರು 1919ರಲ್ಲಿ ಪೋಲೆಂಡ್ ದೇಶದ ಯಹೂದಿ ಮನೆತನದಲ್ಲಿ ಹುಟ್ಟಿದರು. ಓದಲು ಫ್ರಾನ್ಸಿಗೆ ಹೋದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಫ್ರಾನ್ಸಿನ ಸೈನ್ಯ ಸೇರಿದರು. 1940ರಲ್ಲಿ ಜರ್ಮನರ ಕೈಗೆ ಸೆರೆಸಿಕ್ಕರು. ಸೆರೆಯಲ್ಲಿ ಅವರನ್ನು ಫ್ರಾನ್ಸಿನ ಸೈನಿಕನೆಂದೇ ಎಣಿಸಿದ್ದರಿಂದ ಜೀವ ಉಳಿಯಿತು. ಪೋಲೆಂಡಿನ ಯಹೂದಿ ಎಂದು ಗೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ನೋಡಿದರೆ ಅವರ ಬಂಧುಬಳಗದಲ್ಲಿ ಬಹುತೇಕ ಎಲ್ಲರೂ ಕೊಲೆಯಾಗಿ ಹೋಗಿದ್ದರು. ವಿಚಾರ ಮಾಡಿ ನೋಡಿ. ದೇಹ ಒಂದೇ, ಗುಣ ಒಂದೇ, ವಿದ್ಯೆ ಒಂದೇ. 'ಯಾರ ಪೈಕಿ?' ಎಂಬ ಪ್ರಶ್ನೆಗೆ ಬರೆದುಕೊಂಡ ಉತ್ತರ ಬೇರೆಯಾಗಿದ್ದರೆ ಮನುಷ್ಯನೇ ಇಲ್ಲ! ಸಾವು ಬದುಕುಗಳು ಒಂದು ಶಬ್ದದ ಮೇಲೆ ನಿಂತಿದ್ದವು.

ಅವರು ಆ ಮೇಲೆ ಇಂಗ್ಲೆಂಡಿನಲ್ಲಿ ನೆಲೆಸಿ, ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು. ಮನುಷ್ಯನು ಪಕ್ಷಪಾತಿಯಾಗಲು ಕನಿಷ್ಠ ಎಷ್ಟು ಕಾರಣ ಬೇಕು? ಇದು ಅವರ ಪ್ರಶ್ನೆ. ಹಳೆಯ ದ್ವೇಷ ಬೇಕೇ? ಆಸ್ತಿಯ ಜಗಳ ಬೇಕೇ? ಬೇರೆ ಭಾಷೆ, ಬೇರೆ ಧರ್ಮ ಬೇಕೇ? ಪರೀಕ್ಷಿಸುವುದಕ್ಕಾಗಿ ಅವರು ಬ್ರಿಸ್ಟಲ್ ಕಡೆಯ ಒಂದು ಶಾಲೆಯ ಹದಿನಾಲ್ಕು ಹದಿನೈದು ವರ್ಷದ ಹುಡುಗರನ್ನು ಆರಿಸಿಕೊಂಡರು. ಮೊದಲು 64 ಹುಡುಗರು, ಆಮೇಲೆ ಬೇರೆ 48 ಹುಡುಗರು. ಈ 48 ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾವುದು ಇಷ್ಟ ಎಂದು ಕೇಳಿದರು. ಅನಂತರ ಒಬ್ಬೊಬ್ಬನಿಗೂ 'ನೀನು ಈ ಕಲಾವಿದನ ಗುಂಪು', 'ನೀನು ಆ ಕಲಾವಿದನ ಗುಂಪು' ಎಂದು ಗುಟ್ಟಾಗಿ ಹೇಳಿದರು. ನಿಜವಾಗಿ ನೋಡಿದರೆ ಹುಡುಗರ ಇಷ್ಟಕ್ಕೂ ಗುಂಪಿಗೂ ಸಂಬಂಧವೇ ಇರಲಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದ್ದರು. ಗುಂಪು ಎಂದೂ ಸಭೆ ಸೇರಲಿಲ್ಲ. ತನ್ನ ಗುಂಪಿನಲ್ಲಿ ಯಾರಿದ್ದಾರೆಂದು ಯಾರಿಗೂ ತಿಳಿಯದು.

ಇಷ್ಟಾದ ಮೇಲೆ ಹಣ ಹಂಚುವ ಕೆಲಸ ಕೊಟ್ಟರು. ತನಗಾಗಿ ಏನೂ ತೆಗೆದುಕೊಳ್ಳುವಂತಿಲ್ಲ. ತನ್ನ ಗುಂಪಿನ ಯಾರೋ ಒಬ್ಬನಿಗೆ, ಆ ಗುಂಪಿನ ಯಾರೋ ಒಬ್ಬನಿಗೆ ಹಂಚಬೇಕು. ಅವರ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ. ಕಾಗದದಲ್ಲಿ ಅಂಕಿಗಳು ಜೋಡಿ ಜೋಡಿಯಾಗಿದ್ದವು. ಒಂದು ತುದಿಯಲ್ಲಿ ನಮ್ಮವನಿಗೆ 7, ಆಚೆಯವನಿಗೆ 1. ನಡುವೆ ಇಬ್ಬರಿಗೂ 13. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 19, ಆಚೆಯವನಿಗೆ 25. ಲೆಕ್ಕ ಬಲ್ಲವನು ಯಾವುದನ್ನು ಆರಿಸಬೇಕು? ನಮ್ಮವನಿಗೆ 19 ಬರುವುದನ್ನು. ಅದರಲ್ಲಿ ಇಬ್ಬರಿಗೂ ಲಾಭ. ಹುಡುಗರು ಹಾಗೆ ಮಾಡಲಿಲ್ಲ. ಸಮನಾಗಿ ಹಂಚಬೇಕೆಂಬ ಮನಸ್ಸು ಅವರಲ್ಲಿ ಇಲ್ಲದೆ ಇರಲಿಲ್ಲ. ಆದರೂ ಆಯ್ಕೆಯು 'ನಮ್ಮವನು ಅವನಿಗಿಂತ ಮೇಲಿರಬೇಕು' ಎಂಬ ಕಡೆಗೆ ವಾಲಿತು. ನಮ್ಮವನಿಗೆ ಕಡಿಮೆಯಾದರೂ ಆಗಲಿ, ಅವನಿಗೆ ಇನ್ನೂ ಕಡಿಮೆಯಾಗಲಿ! ತಾಜ್‌ಫೆಲ್ ಅವರು ಇದನ್ನು 1970ರಲ್ಲಿ ಪ್ರಕಟಿಸಿದಾಗ ವಿದ್ವಾಂಸರೇ ಬೆರಗಾದರು.

ಇದನ್ನು ಕೇಳಿ 'ಅವರು ಬಿಳಿಯರ ಹುಡುಗರು, ನಾವು ಹಾಗಲ್ಲ' ಎಂದು ಯಾರಾದರೂ ಅಂದುಕೊಂಡಿದ್ದರೆ, ಆ ಮಾತೇ ಇದಕ್ಕೆ ಇನ್ನೊಂದು ಸಾಕ್ಷಿ. ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ಏನಾಗುತ್ತದೆ? ಒಂದು ಮೊಳ ನೆಲಕ್ಕಾಗಿ ಎರಡು ಎಕರೆ ಮಾರಿ ಕೋರ್ಟಿಗೆ ಹಾಕುತ್ತಾರೆ. ನನಗೆ ಹೋದರೂ ಚಿಂತೆಯಿಲ್ಲ, ಅವನಿಗೆ ದಕ್ಕಬಾರದು. ಲೆಕ್ಕ ಅದೇ ಅಲ್ಲವೇ?

ಇಲ್ಲಿಯವರೆಗೆ ನೋಡಿದ್ದು ಮೇಲಿರಬೇಕೆನ್ನುವವನ ಮನಸ್ಸು. ಕೆಳಗೆ ನಿಲ್ಲಿಸಲ್ಪಟ್ಟವನ ಮನಸ್ಸಿನಲ್ಲಿ ಏನಾಗುತ್ತದೆ? ಇದು ಹೆಚ್ಚು ಮುಖ್ಯವಾದ ಪ್ರಶ್ನೆ.

1968ರ ಏಪ್ರಿಲ್ 4ರಂದು ಅಮೇರಿಕೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಜೇನ್ ಎಲಿಯಟ್ ಎಂಬ ಶಾಲೆಯ ಶಿಕ್ಷಕಿಯಿದ್ದರು. ಮೂರನೆಯ ತರಗತಿಯ ಬಿಳಿಯ ಮಕ್ಕಳಿಗೆ ವರ್ಣಭೇದ ಎಂದರೇನೆಂದು ಹೇಗೆ ತಿಳಿಸಬೇಕು? ಮರುದಿನ ಅವರು ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿದರು. ಒಂದು ಬಣ್ಣದ ಕಣ್ಣಿನವರು ಜಾಣರು, ಇನ್ನೊಂದು ಬಣ್ಣದವರು ದಡ್ಡರು ಎಂದರು. ಆಮೇಲೆ ಅದನ್ನು ತಿರುವುಮುರುವು ಮಾಡಿದರು. 1970ರಲ್ಲಿ ಇದೇ ಪಾಠವನ್ನು ಮಾಡಿದಾಗ ಅದನ್ನು ಚಲನಚಿತ್ರವಾಗಿ ತೆಗೆದರು. ಕಂದು ಕಣ್ಣಿನ ಮಕ್ಕಳು 'ಕೀಳು' ಎನಿಸಿಕೊಂಡ ದಿನ, ಒಂದು ಕಟ್ಟು ಓದುಚೀಟಿಗಳನ್ನು ಓದಿ ಮುಗಿಸಲು ಐದೂವರೆ ನಿಮಿಷ ಹಿಡಿಯಿತು. ಮರುದಿನ ಅವರೇ 'ಮೇಲು' ಎನಿಸಿಕೊಂಡರು. ಅಂದು ಎರಡೂವರೆ ನಿಮಿಷದಲ್ಲಿ ಓದಿ ಮುಗಿಸಿದರು. ಒಂದು ರಾತ್ರಿಯಲ್ಲಿ ಬುದ್ಧಿ ಬೆಳೆಯಿತೇ? ಇಲ್ಲ. ಗುರುವಿನ ಒಂದು ಮಾತು ಬದಲಾಯಿತು. ಪುಟ್ಟ ಮಕ್ಕಳ ಮೇಲೆ ಇಂಥ ಪ್ರಯೋಗ ಮಾಡಬಹುದೇ ಎಂದು ಅನೇಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ನ್ಯಾಯವಾದದ್ದು. ಆದರೆ ಒಂದು ದಿನದ ಅವಮಾನ ಮಕ್ಕಳಿಗೆ ಸಲ್ಲದು ಎನ್ನುವ ನಾವು, ಹುಟ್ಟಿನಿಂದ ಸಾವಿನವರೆಗೆ ಅದನ್ನು ಉಣ್ಣುವ ಮಕ್ಕಳ ವಿಷಯದಲ್ಲಿ ಏನು ಹೇಳುತ್ತೇವೆ?

ನಮ್ಮ ದೇಶದಲ್ಲಿಯೇ ನಡೆದ ಒಂದು ಅಧ್ಯಯನವನ್ನು ಕೇಳಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ವಿದುಷಿಯರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಸುತ್ತುದಾರಿಯಿಂದ ಹೊರಬರುವ ಆಟ ಕೊಟ್ಟರು. ಬಿಡಿಸಿದಷ್ಟೂ ಹಣ. ಮೇಲ್ಜಾತಿಯವರೆನಿಸಿಕೊಂಡವರ ಮಕ್ಕಳು ಅರ್ಧ, ದಲಿತರ ಮಕ್ಕಳು ಅರ್ಧ. ಜಾತಿಯ ಮಾತೆತ್ತದೆ ಆಟ ಆಡಿಸಿದಾಗ ಇಬ್ಬರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೆಲವು ಗುಂಪುಗಳಲ್ಲಿ ಆಟಕ್ಕೆ ಮೊದಲು ಒಬ್ಬೊಬ್ಬ ಹುಡುಗನ ಹೆಸರು, ಊರು, ತಂದೆಯ ಹೆಸರು, ಅಜ್ಜನ ಹೆಸರು, ಜಾತಿ ಇಷ್ಟನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಓದಿದರು, ಅಷ್ಟೇ. ದಲಿತ ಹುಡುಗರು ಬಿಡಿಸಿದ ಲೆಕ್ಕ ಸುಮಾರು ಐದನೇ ಒಂದು ಭಾಗದಷ್ಟು ಇಳಿದುಹೋಯಿತು. ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ನಾವು ಸಹಜವಾಗಿ ಕೇಳುವ 'ಯಾವ ಊರು, ಯಾರ ಪೈಕಿ?' ಎಂಬ ಮಾತು ಇದೇ ಅಲ್ಲವೇ? ಕೇಳುವವನಿಗೆ ಅದು ಕುಶಲಪ್ರಶ್ನೆ. ಕೇಳಿಸಿಕೊಳ್ಳುವ ಮಗುವಿನ ಬೆರಳುಗಳಲ್ಲಿ ಅದು ಬಲವನ್ನೇ ಇಳಿಸುತ್ತದೆ. ಆ ಮೇಲೆ ಅಂಕ ಕಡಿಮೆ ಬಂದರೆ 'ಅವರು ಇರುವುದೇ ಹಾಗೆ' ಎನ್ನುತ್ತೇವೆ. ಹಗ್ಗ ಬಿಗಿದವರು ನಾವು. ಎತ್ತು ನಡೆಯುವುದಿಲ್ಲ ಎಂದು ದೂರುವವರೂ ನಾವೇ.

ಹಾಗಾದರೆ ಕೆಳಗೆ ನಿಲ್ಲಿಸಲ್ಪಟ್ಟವನು ಏನು ಮಾಡಬೇಕು? ತಾಜ್‌ಫೆಲ್ ಅವರು ಮೂರು ದಾರಿಗಳನ್ನು ಗುರುತಿಸಿದರು. ಒಂದು, ತಾನೊಬ್ಬನೇ ಗುಂಪಿನಿಂದ ಜಾರಿಕೊಳ್ಳುವುದು. ಊರು ಬಿಟ್ಟು, ಹೆಸರು ಬದಲಿಸಿ, ತನ್ನವರ ಗುರುತು ಸಿಗದಂತೆ ಬಾಳುವುದು. ಇದರಲ್ಲಿ ಸದಾ ಅಂಜಿಕೆ. ಎರಡು, ಅವಮಾನದ ಗುರುತನ್ನೇ ಮಾನದ ಗುರುತಾಗಿ ಮಾಡಿಕೊಳ್ಳುವುದು. 1960ರ ದಶಕದಲ್ಲಿ ಅಮೇರಿಕೆಯ ಕರಿಯರು 'ಕಪ್ಪೇ ಚೆಲುವು' ಎಂದು ಸಾರಿದ್ದು ಈ ದಾರಿ. ಮೂರು, ಎಲ್ಲರೂ ಕೂಡಿ ಮೇಲು ಕೀಳಿನ ಏರ್ಪಾಡನ್ನೇ ಪ್ರಶ್ನಿಸುವುದು. ನಮ್ಮ ನಾಡಿನಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಾಗ ಈ ಎರಡನೆಯ ಮತ್ತು ಮೂರನೆಯ ದಾರಿಗಳು ಒಂದಾದವು. ಪರರು ಇಟ್ಟ ಹೆಸರುಗಳನ್ನು ಒಲ್ಲೆನೆಂದು, ತಾವೇ ಒಪ್ಪಿಕೊಂಡ ಒಂದು ಹೆಸರಿನಡಿ ನಿಂತವನ ಬೆನ್ನು ನೆಟ್ಟಗಾಗುತ್ತದೆ. ಗುಂಪು ಮನುಷ್ಯನನ್ನು ಕಟ್ಟಿ ನಿಲ್ಲಿಸುವುದು ಎಂದರೆ ಇದು. ಆದ್ದರಿಂದ 'ಗುಂಪೇ ಬೇಡ, ಎಲ್ಲರೂ ಒಬ್ಬೊಬ್ಬರಾಗಿರಿ' ಎಂಬ ಉಪದೇಶವನ್ನು ಮೇಲಿರುವವನು ಕೆಳಗಿರುವವನಿಗೆ ಮಾಡುವುದು ಸುಲಭ, ನ್ಯಾಯವಲ್ಲ.

ಇನ್ನು ಉಳಿದ ಪ್ರಶ್ನೆ ಒಂದೇ. ಗುಂಪುಗಳು ಇರುತ್ತವೆ ಎಂದಾದರೆ, ಅವುಗಳ ನಡುವಿನ ವಿಷ ಇಳಿಯುವುದು ಹೇಗೆ?

ಮುಜಫರ್ ಷೆರಿಫ್ ಎಂಬ ತುರ್ಕಿ ದೇಶದ ವಿದ್ವಾಂಸರು ಅಮೇರಿಕೆಯಲ್ಲಿದ್ದರು. 1954ರ ಬೇಸಿಗೆಯಲ್ಲಿ ಅವರು ಒಕ್ಲಹೋಮ ರಾಜ್ಯದ ಕಾಡಿನ ಶಿಬಿರವೊಂದಕ್ಕೆ ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಕರೆತಂದು, ಹನ್ನೊಂದು ಹನ್ನೊಂದರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹದ್ದಿನ ಹೆಸರು, ಇನ್ನೊಂದಕ್ಕೆ ಬುಡುಬುಡಿಕೆ ಹಾವಿನ ಹೆಸರು, ಹುಡುಗರೇ ಇಟ್ಟುಕೊಂಡದ್ದು. ಮೊದಲ ವಾರ ಒಬ್ಬರ ಮುಖ ಒಬ್ಬರು ಕಾಣದಂತೆ ಇಟ್ಟು, ಆಮೇಲೆ ಬಹುಮಾನವಿಟ್ಟು ಪಂದ್ಯಕ್ಕೆ ಬಿಟ್ಟರು. ಹಗ್ಗಜಗ್ಗಾಟದಲ್ಲಿ ಸೋತ ಗುಂಪು ಗೆದ್ದವರ ಬಾವುಟವನ್ನು ಸುಟ್ಟಿತು. ರಾತ್ರಿಯ ದಾಳಿಗಳು ನಡೆದವು. ಇವರು ಸಂಧಾನಕ್ಕೆಂದು ಎಲ್ಲರನ್ನೂ ಒಂದೇ ಊಟದ ಮನೆಯಲ್ಲಿ ಕೂಡಿಸಿದರು. ಹುಡುಗರು ಊಟದ ಪದಾರ್ಥಗಳನ್ನೇ ಒಬ್ಬರ ಮೇಲೊಬ್ಬರು ಎಸೆದರು. ನೋಡಿ, ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಮಾತ್ರಕ್ಕೆ ಮನಸ್ಸುಗಳು ಒಂದಾಗುವುದಿಲ್ಲ.

ಆಗ ಬೇರೆ ಉಪಾಯ ಮಾಡಿದರು. ಶಿಬಿರದ ನೀರು ನಿಂತುಹೋಗುವಂತೆ ಮಾಡಿದರು. ಎರಡೂ ಗುಂಪು ಕೂಡಿ ದೋಷ ಹುಡುಕಬೇಕಾಯಿತು. ಊಟದ ಸಾಮಾನು ತರಬೇಕಾದ ಲಾರಿ ನಿಂತುಹೋಯಿತು. ಒಂದು ಗುಂಪಿನ ಬಲ ಸಾಲದು. ಹುಡುಗರು ಹಗ್ಗ ತಂದು ಲಾರಿಗೆ ಕಟ್ಟಿ, ಎಲ್ಲರೂ ಕೂಡಿ ಎಳೆದರು. ಯಾವ ಹಗ್ಗ? ಹಿಂದೆ ಎದುರುಬದುರು ನಿಂತು ಜಗ್ಗಿದ ಅದೇ ಹಗ್ಗ. ಇಂಥ ಕೆಲಸ ಒಂದಲ್ಲ, ಹಲವು ಆದ ಮೇಲೆ ಹಗೆ ಕರಗಿತು. ಹಿಂದಿರುಗುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗೋಣ ಎಂದರು. ದಾರಿಯಲ್ಲಿ ಒಂದು ಗುಂಪು ತಾನು ಗೆದ್ದ ಐದು ಡಾಲರಿನಿಂದ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿತು.

ಇದಕ್ಕೂ ಒಂದು ವರ್ಷ ಮೊದಲು, 1953ರಲ್ಲಿ, ಷೆರಿಫ್ ಅವರು ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಶಿಬಿರ ಮಾಡಿದ್ದರು. ಅಲ್ಲಿ ಹುಡುಗರಿಗೆ ಮೊದಲು ಒಟ್ಟಿಗೆ ಆಡಿ ಸ್ನೇಹ ಬೆಳೆಸಲು ಬಿಟ್ಟು, ಅನಂತರ ಎರಡು ಪಾಲು ಮಾಡಿದರು. ದೊಡ್ಡವರು ಕದ್ದುಮುಚ್ಚಿ ಎಷ್ಟು ಚಿತಾಯಿಸಿದರೂ ಹುಡುಗರು ವೈರಿಗಳಾಗಲಿಲ್ಲ. ಇದು ದೊಡ್ಡವರದೇ ಕೈವಾಡವೆಂದು ಪತ್ತೆ ಹಚ್ಚಿಬಿಟ್ಟರು! ಆ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಗೆದ್ದ ಪ್ರಯೋಗಕ್ಕಿಂತ ಈ ಸೋತ ಪ್ರಯೋಗವೇ ನಮಗೆ ಹೆಚ್ಚು ಕಲಿಸುತ್ತದೆ. ಮೊದಲು ಗುರುತು ಬೆಳೆದಿದ್ದರೆ ಆಮೇಲೆ ಎಳೆದ ಗೆರೆ ಆಳಕ್ಕೆ ಇಳಿಯುವುದಿಲ್ಲ.

ಇಂಥದನ್ನೇ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಆಡಿಸಿ ನೋಡಿದ್ದಾರೆ. ಮ್ಯಾಟ್ ಲೋ ಎಂಬ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಬೇರೆ ಬೇರೆ ಜಾತಿಗಳ 1,261 ತರುಣರಿದ್ದರು. ಒಂದೇ ತಂಡದಲ್ಲಿ ಕೂಡಿ ಒಂದು ತಿಂಗಳ ಕಾಲ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಇಳಿಯಿತು. ಎದುರಾಳಿಗಳಾಗಿ ಆಡಿದ್ದರಿಂದ ಅಂಥ ಫಲ ದೊರೆಯಲಿಲ್ಲ. ಬಳಿಯಲ್ಲಿರುವುದು ಬೇರೆ, ಜೊತೆಯಲ್ಲಿರುವುದು ಬೇರೆ.

ಬಂಧುಗಳೇ, ನಾವು ಹೇಳುವುದು ಇಷ್ಟೇ. ನಿಮ್ಮ ಊರಿನ, ಕುಲದ, ಭಾಷೆಯ ಅಭಿಮಾನವನ್ನು ಬಿಡಿರೆಂದು ಹೇಳುವುದಿಲ್ಲ. ಅದು ನಿಮ್ಮ ಮನೆಯ ಕಂಬ. ಆ ಅಭಿಮಾನ ನಿಲ್ಲಲು ಇನ್ನೊಬ್ಬನು ಬಗ್ಗಲೇಬೇಕು ಎನಿಸಿದ ದಿನ ಮಾತ್ರ ಎಚ್ಚರಗೊಳ್ಳಿರಿ. ಅಂದು ನಿಮ್ಮವನಿಗೆ 7 ಕೊಟ್ಟು, ಬರಬೇಕಾಗಿದ್ದ 19ನ್ನು ನೀವೇ ಕಳೆದುಕೊಳ್ಳುತ್ತಿದ್ದೀರಿ ಎಂದು ತಿಳಿಯಿರಿ. ಊರಿನ ಕೆರೆಯ ಹೂಳು ತೆಗೆಯುವ ದಿನ ಎಲ್ಲ ಓಣಿಗಳವರೂ ಒಂದೇ ಸಾಲಿನಲ್ಲಿ ನಿಂತು ಬುಟ್ಟಿ ದಾಟಿಸಲಿ. ಓಣಿಗೊಂದು ಸಾಲು ಬೇಡ. ಶಾಲೆಯಲ್ಲಿ ಮಕ್ಕಳು ಕೂಡಿ ಮಾಡುವ ಕೆಲಸವಿರಲಿ, ಆ ಕೂಟವನ್ನು ಹೆಸರು ನೋಡಿ ಮಾಡುವುದು ಬೇಡ. ಇವೆಲ್ಲಕ್ಕಿಂತ ಸುಲಭವಾದದ್ದು ಒಂದಿದೆ. ನಾಳೆ ನಿಮ್ಮ ಮಗನು ಸಂಗಡಿಗನೊಬ್ಬನನ್ನು ಮನೆಗೆ ಕರೆತರುತ್ತಾನೆ. ಆ ಹುಡುಗನಿಗೆ ಬೆಲ್ಲ ಕೊಡಿ, ನೀರು ಕೊಡಿ. 'ಯಾರ ಪೈಕಿ?' ಎಂದು ಕೇಳಬೇಡಿ. 'ನಿನಗೆ ಏನು ಆಡಲು ಇಷ್ಟ, ಏನು ಓದಲು ಇಷ್ಟ?' ಎಂದು ಕೇಳಿ. ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.